ಹನ್ನೆರಡು ಹಾಸಿಗೆಗಳ ಆಸ್ಪತ್ರೆ

ಮಹಿಳಾ ಸಮಾಜವೆಂದೊಡನೆ ಹೊಲಿಗೆಯ ತರಗತಿ, ಹಪ್ಪಳ ಸಂಡಿಗೆಗಳ ಮಾರಾಟ, ವರ್ಷಕ್ಕೊಂದು ನಾಟಕ, ಇಷ್ಟನ್ನೇ ನೆನೆದು ಮುಗುಳ್ನಗುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಚೆನ್ನೈ ನಗರದ ಅಡಯಾರಿನಲ್ಲಿರುವ ಕ್ಯಾನ್ಸರ್ ಸಂಸ್ಥೆಯ ಚರಿತ್ರೆಯನ್ನು ಅರಿತವರು ಹಾಗೆ ನಗಲಾರರು. ದಕ್ಷಿಣ ಭಾರತದ ಅಸಂಖ್ಯ ರೋಗಿಗಳಿಗೆ ಆಸರೆಯಾದ ಆ ಸಂಸ್ಥೆಯನ್ನು ಕಟ್ಟಲು ಮುಂದಾದದ್ದು ಸರಕಾರವಲ್ಲ, ಕೋಟ್ಯಧೀಶರೂ ಅಲ್ಲ. ಒಂದು ಮಹಿಳಾ ಸಂಘ.

ಆ ಸಂಘಕ್ಕೆ ಪ್ರೇರಣೆಯಾಗಿದ್ದವರು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ. 1886ರಲ್ಲಿ ಪುದುಕ್ಕೋಟೆಯಲ್ಲಿ ಜನಿಸಿ, ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲೇ ಅರೆತೆರೆದಿದ್ದ ಕಾಲದಲ್ಲಿ, 1912ರಲ್ಲಿ ಮದರಾಸಿನ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಹೊರಬಂದ ಧೀಮಂತೆ ಅವರು. ದೇವದಾಸಿ ಪದ್ಧತಿಯ ನಿರ್ಮೂಲನಕ್ಕಾಗಿ ಶಾಸನಸಭೆಯಲ್ಲಿ ಹೋರಾಡಿದವರೆಂದು ಅವರ ಹೆಸರನ್ನು ಅನೇಕರು ಬಲ್ಲರು. ಆದರೆ ಅವರ ಅಂತರಂಗದಲ್ಲಿ ಇನ್ನೊಂದು ವ್ಯಥೆ ಮನೆಮಾಡಿತ್ತು. 1923ರಲ್ಲಿ ಅವರ ತಂಗಿ ಕ್ಯಾನ್ಸರಿಗೆ ಬಲಿಯಾದರು. ತಾನೇ ವೈದ್ಯಳಾಗಿದ್ದೂ ಒಡಹುಟ್ಟಿದವಳನ್ನು ಉಳಿಸಿಕೊಳ್ಳಲಾಗದ ಆ ಅಸಹಾಯಕತೆಯೇ ಮುಂದೆ ಸಂಕಲ್ಪವಾಗಿ ಬೆಳೆಯಿತು.

ಕ್ಯಾನ್ಸರ್ ಬಂದವನು ಉಳಿಯುವುದಿಲ್ಲ, ಅವನಿಗಾಗಿ ಪ್ರತ್ಯೇಕ ಆಸ್ಪತ್ರೆಯೇಕೆ ಎಂಬ ಭಾವನೆ ಬಲವಾಗಿದ್ದ ಕಾಲವದು. ಭಾರತೀಯ ಮಹಿಳಾ ಸಂಘದ ಸೋದರಿಯರು ಎದೆಗುಂದಲಿಲ್ಲ. 1949ರಲ್ಲಿ ಸಂಘವು ಕ್ಯಾನ್ಸರ್ ಪರಿಹಾರ ನಿಧಿಯೊಂದನ್ನು ಆರಂಭಿಸಿತು. 1952ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಆಸ್ಪತ್ರೆಯ ಅಡಿಗಲ್ಲನ್ನಿಟ್ಟರು. 1954ರಲ್ಲಿ ಆಸ್ಪತ್ರೆಯು ಕೇವಲ ಹನ್ನೆರಡು ಹಾಸಿಗೆಗಳೊಡನೆ ತನ್ನ ಕಾರ್ಯವನ್ನು ಮೊದಲುಮಾಡಿತು. ಮುತ್ತುಲಕ್ಷ್ಮಿಯವರ ಪುತ್ರ ಡಾಕ್ಟರ್ ಕೃಷ್ಣಮೂರ್ತಿ ಅದರ ಹೊಣೆಯನ್ನು ಹೊತ್ತರು. ಮರುವರ್ಷ, ಸರಕಾರಿ ಆಸ್ಪತ್ರೆಯ ಭದ್ರವಾದ ಕೆಲಸವನ್ನು ಬಿಟ್ಟು ತರುಣ ವೈದ್ಯೆ ಡಾಕ್ಟರ್ ವಿ. ಶಾಂತಾ ಅವರನ್ನು ಬಂದು ಸೇರಿದರು. ಶಾಂತಾ ಅವರು ಬೆಂಗಳೂರಿನಲ್ಲಿ ನೆಲೆಸಿದ್ದ ವಿಜ್ಞಾನಿ ಸಿ. ವಿ. ರಾಮನ್ ಅವರ ಬಂಧುವರ್ಗಕ್ಕೆ ಸೇರಿದವರೆಂಬುದು ಕನ್ನಡಿಗರಿಗೆ ಆಸಕ್ತಿಯ ವಿಷಯ.

ಆರಂಭದ ವರ್ಷಗಳಲ್ಲಿಯೇ ಆಸ್ಪತ್ರೆಗೆ ಕೆನಡಾ ದೇಶದಿಂದ ಕೋಬಾಲ್ಟ್ ಯಂತ್ರವೊಂದು ಕೊಡುಗೆಯಾಗಿ ಬಂದಿತು. ಕೋಬಾಲ್ಟ್ 60 ಎಂಬ ಧಾತುವಿನಿಂದ ಹೊಮ್ಮುವ ಕಿರಣಗಳು ಮೇಲಿನ ಚರ್ಮವನ್ನು ಹೆಚ್ಚು ಸುಡದೆ ಒಳಗಿನ ಗಂಟನ್ನು ತಲುಪಬಲ್ಲವು. ಹಿಂದಿನ ಕ್ಷಕಿರಣ ಯಂತ್ರಗಳಿಗೆ ಆ ಸಾಮರ್ಥ್ಯವಿರಲಿಲ್ಲ. ಆದರೆ ಈ ಧಾತುವಿಗೆ ಒಂದು ಸ್ವಭಾವವುಂಟು. ಸುಮಾರು ಐದೂಕಾಲು ವರ್ಷಗಳಲ್ಲಿ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಮೊದಲು ಎರಡು ನಿಮಿಷ ಕಿರಣಕ್ಕೆ ಮೈಯೊಡ್ಡುತ್ತಿದ್ದ ರೋಗಿ ಆಗ ನಾಲ್ಕು ನಿಮಿಷ ಮಲಗಬೇಕು. ದಿನಕ್ಕೆ ಚಿಕಿತ್ಸೆ ಪಡೆಯುವವರ ಸಂಖ್ಯೆಯೂ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ಹೊಸ ಕೋಬಾಲ್ಟನ್ನು ತುಂಬದಿದ್ದರೆ ಯಂತ್ರ ನಿಂತಲ್ಲಿಯೇ ಮುದಿಯಾಗುತ್ತದೆ. ಯಂತ್ರದಾನವೆಂಬುದು ಒಂದು ದಿನದ ಸಮಾರಂಭದಲ್ಲಿ ಮುಗಿಯುವ ಪುಣ್ಯಕಾರ್ಯವಲ್ಲ, ನಡೆಸಿಕೊಂಡು ಹೋಗಬೇಕಾದ ವ್ರತ ಎಂಬ ಪಾಠವನ್ನು ಆ ಲೋಹವೇ ಬೋಧಿಸುವಂತಿದೆ.

ಇಂದು ಭಾರತದ ಸ್ತ್ರೀಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಸ್ತನದ್ದು. ಈ ರೋಗದಲ್ಲಿ ಉಪಕರಣವೊಂದು ಹತ್ತಿರದಲ್ಲಿದೆಯೆ ಇಲ್ಲವೆ ಎಂಬುದು ಹೆಂಗಸಿನ ದೇಹದ ಮೇಲೆಯೇ ಬರೆದು ಹೋಗುವ ಸಂಗತಿ. ಹಿಂದೆ ಗಂಟು ಚಿಕ್ಕದಾಗಿದ್ದರೂ ಸ್ತನವನ್ನೇ ತೆಗೆದುಬಿಡುವುದು ವಾಡಿಕೆಯಾಗಿತ್ತು. ಗಂಟನ್ನಷ್ಟೇ ತೆಗೆದು, ಅನಂತರ ಕಿರಣ ಚಿಕಿತ್ಸೆ ಕೊಟ್ಟರೆ ರೋಗಿಯ ಆಯುಷ್ಯಕ್ಕೆ ಕೊರತೆಯಾಗದೆಂದು ಇಟಲಿಯಲ್ಲಿಯೂ ಅಮೆರಿಕದಲ್ಲಿಯೂ ಇಪ್ಪತ್ತು ವರ್ಷಗಳ ಕಾಲ ರೋಗಿಗಳನ್ನು ಗಮನಿಸಿ ನಡೆಸಿದ ಎರಡು ಅಧ್ಯಯನಗಳು 2002ರಲ್ಲಿ ಸ್ಥಿರಪಡಿಸಿದವು. ಆದರೆ ವಾರಕ್ಕೆ ಐದು ದಿನದಂತೆ ಮೂರರಿಂದ ಐದು ವಾರ ಕಿರಣ ಚಿಕಿತ್ಸೆ ನಡೆಯಬೇಕು. ಯಂತ್ರವು ಇನ್ನೂರು ಮೈಲಿ ದೂರದ ನಗರದಲ್ಲಿದ್ದು, ಅಲ್ಲಿ ಉಳಿಯಲು ನೆಲೆಯಿಲ್ಲದಿದ್ದರೆ, ಉಳಿಸಿಕೊಳ್ಳಬಹುದಾಗಿದ್ದ ಅಂಗವನ್ನು ಬಡವಳು ಕಳೆದುಕೊಳ್ಳಬೇಕಾಗುತ್ತದೆ. ಆದುದರಿಂದ ಆಸ್ಪತ್ರೆಯ ಬಳಿ ಕಟ್ಟಿಸಿದ ಧರ್ಮಶಾಲೆಯ ಒಂದು ಕೋಣೆಯೂ ಚಿಕಿತ್ಸೆಯ ಉಪಕರಣವೇ ಸರಿ.

ದಾನಿಗಳು ಹೆಚ್ಚಾಗಿ ಕೊಡಬಯಸುವ ಯಂತ್ರ ಮ್ಯಾಮೊಗ್ರಫಿ. ಸ್ತನವನ್ನು ಎರಡು ಫಲಕಗಳ ನಡುವೆ ಕ್ಷಣಕಾಲ ಒತ್ತಿ, ಮಿತವಾದ ಕ್ಷಕಿರಣದಿಂದ ಚಿತ್ರ ತೆಗೆಯುವ ಸಾಧನವಿದು. ಕೈಬೆರಳಿಗೆ ಸಿಕ್ಕದಷ್ಟು ಸಣ್ಣ ಗಂಟನ್ನೂ ಸುಣ್ಣದ ಕಣಗಳನ್ನೂ ಇದು ತೋರಿಸಬಲ್ಲದು. ಆದರೆ ಎಳೆಯ ವಯಸ್ಸಿನವರ ಸ್ತನ ದಟ್ಟವಾಗಿರುವುದರಿಂದ ಚಿತ್ರ ಮಸುಕಾಗುವುದುಂಟು. ಆಗ ಅಲ್ಟ್ರಾಸೌಂಡ್ ಪರೀಕ್ಷೆ ನೆರವಿಗೆ ಬರುತ್ತದೆ. ಚಿತ್ರವನ್ನು ಓದಬಲ್ಲ ತಜ್ಞರು, ಯಂತ್ರವನ್ನು ನಡೆಸಲು ತರಬೇತಿ ಪಡೆದವರು, ಅನುಮಾನದ ಗಂಟಿನಿಂದ ಚೂರು ತೆಗೆದು ಪರೀಕ್ಷಿಸುವ ಪ್ರಯೋಗಶಾಲೆ ಇವಿಷ್ಟೂ ಜೊತೆಗಿದ್ದರೆ ಮಾತ್ರ ಮ್ಯಾಮೊಗ್ರಫಿ ಸಾರ್ಥಕ. ಇಲ್ಲವಾದರೆ ದಾನಿಯ ಹೆಸರಿನ ಫಲಕವೊಂದೇ ಗೋಡೆಯ ಮೇಲೆ ಹೊಳೆಯುತ್ತಿರುತ್ತದೆ.

ಹಾಗೆಂದು ಯಂತ್ರವಿಲ್ಲದ ಊರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಒಂದು ಮಹಾಪ್ರಯೋಗ ಇದಕ್ಕೆ ಸಾಕ್ಷಿ. ಕೊಳಚೆ ಪ್ರದೇಶಗಳ ಸುಮಾರು ಒಂದೂವರೆ ಲಕ್ಷ ಸ್ತ್ರೀಯರನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದು ಪಂಗಡದವರಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. ಇಪ್ಪತ್ತು ವರ್ಷಗಳ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಪರೀಕ್ಷೆಗೊಳಗಾದವರಲ್ಲಿ ರೋಗವು ಮೊದಲಿನ ಹಂತದಲ್ಲಿಯೇ ಸಿಕ್ಕುತ್ತಿತ್ತು. ಐವತ್ತು ವರ್ಷ ಮೀರಿದವರಲ್ಲಿ ಈ ರೋಗದಿಂದ ಸಾಯುವವರ ಪ್ರಮಾಣ ನೂರಕ್ಕೆ ಸುಮಾರು ಮೂವತ್ತರಷ್ಟು ಇಳಿದಿತ್ತು. ಎಲ್ಲ ವಯಸ್ಸಿನವರನ್ನೂ ಒಟ್ಟುಗೂಡಿಸಿ ನೋಡಿದಾಗ ಮಾತ್ರ ಇಳಿಕೆಯು ನಿಶ್ಚಿತವೆನ್ನುವಷ್ಟು ಇರಲಿಲ್ಲ. ಕಲಿತ ಕೈಯೂ ಒಂದು ಉಪಕರಣವೆಂಬುದನ್ನು ಈ ಪ್ರಯೋಗ ತೋರಿಸಿಕೊಟ್ಟಿತು.

ಕನ್ನಡನಾಡಿಗೂ ಇಂಥ ಔದಾರ್ಯ ಅಪರಿಚಿತವಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಆ ಹೆಸರು ಬಂದುದು ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರಿಂದ. ಕಿರಣ ಚಿಕಿತ್ಸೆಯ ಯಂತ್ರಕ್ಕಾಗಿ ಅವರು ಒಂದು ಲಕ್ಷ ರೂಪಾಯಿಗಳ ನೆರವನ್ನಿತ್ತರು. ಅಂದು ಒಂದು ಯಂತ್ರಕ್ಕೆಂದು ಬಂದ ಹಣದ ನೆನಪು ಇಂದು ಒಂದು ದೊಡ್ಡ ಆಸ್ಪತ್ರೆಯ ಹೆಸರಾಗಿ ಉಳಿದಿದೆ. ಯಂತ್ರ ಸವೆದುಹೋದರೂ ಅದರ ಸುತ್ತ ಬೆಳೆದ ಸೇವೆ ಸವೆಯಲಿಲ್ಲ.

ಊರಿನ ಸಂಘವೊಂದು ಆಸ್ಪತ್ರೆಗೆ ಉಪಕರಣ ಕೊಡಹೊರಟಾಗ ಬೆಲೆಯ ಜೊತೆಗೆ ಇನ್ನು ನಾಲ್ಕು ಪ್ರಶ್ನೆಗಳನ್ನು ಕೇಳುವುದು ಲೇಸು. ಇದನ್ನು ನಡೆಸುವವರು ಯಾರು? ಕೆಟ್ಟರೆ ದುರಸ್ತಿಯ ಖರ್ಚು ಯಾರದು? ಬಡವರಿಗೆ ಶುಲ್ಕವೆಷ್ಟು? ರೋಗವೆಂದು ತಿಳಿದ ಮೇಲೆ ಆಕೆ ಎಲ್ಲಿಗೆ ಹೋಗಬೇಕು? ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆ ಕೊಟ್ಟ ನೂರು ರೂಪಾಯಿ, ಉತ್ತರವಿಲ್ಲದೆ ಕೊಟ್ಟ ಸಾವಿರಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಹಣದಿಂದ ಕೊಳ್ಳಲಾಗದ ಕೆಲಸವೊಂದು ಇನ್ನೂ ಉಳಿದಿದೆ. ಸ್ತನದಲ್ಲಿ ನೋವಿಲ್ಲದ ಗಂಟು, ಚರ್ಮ ಒಳಕ್ಕೆ ಸೆಳೆದಂತಾಗುವುದು, ತೊಟ್ಟಿನಿಂದ ರಕ್ತ ಒಸರುವುದು, ಕಂಕುಳಲ್ಲಿ ಗಡ್ಡೆ, ಇವು ಕಂಡಾಗ ನೋವಿಲ್ಲವಲ್ಲ ಎಂದು ಸುಮ್ಮನಿರುವವರೂ, ಹೇಳಿಕೊಳ್ಳಲು ನಾಚುವವರೂ ಹಲವರು. ಮಗಳ ಮದುವೆ ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಂದೂಡಿದ ತಿಂಗಳುಗಳಲ್ಲಿ ರೋಗವು ಬೇರೂರುತ್ತದೆ. ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ಅದನ್ನು ನಿರ್ಧರಿಸಬೇಕಾದವರು ವೈದ್ಯರೇ ಹೊರತು ನೆರೆಮನೆಯವರಲ್ಲ. ಈ ಸಂಕೋಚವನ್ನು ಮುರಿಯಲು ಮಹಿಳಾ ಸಮಾಜದ ಮಧ್ಯಾಹ್ನದ ಕೂಟಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲ.

ಡಾಕ್ಟರ್ ಶಾಂತಾ ಅವರು ಆಸ್ಪತ್ರೆಯ ಆವರಣದಲ್ಲಿಯೇ ವಾಸವಾಗಿದ್ದು, ಆರು ದಶಕಗಳಿಗೂ ಹೆಚ್ಚು ಕಾಲ ಅಲ್ಲಿ ಸೇವೆ ಸಲ್ಲಿಸಿದರು. 2005ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ 2016ರಲ್ಲಿ ಪದ್ಮವಿಭೂಷಣವೂ ಅವರನ್ನು ಅರಸಿಬಂದವು. 2021ರ ಜನವರಿಯಲ್ಲಿ ಅವರು ಕಣ್ಮುಚ್ಚಿದಾಗ ಹನ್ನೆರಡು ಹಾಸಿಗೆಗಳ ಆ ಆಸ್ಪತ್ರೆ ನೂರಾರು ಹಾಸಿಗೆಗಳ ಮಹಾಸಂಸ್ಥೆಯಾಗಿತ್ತು. ಹೆಂಗಸರ ಸಂಘವೊಂದು ಕೂಡಿಸತೊಡಗಿದ ನಿಧಿಗೆ ಇದಕ್ಕಿಂತ ದೊಡ್ಡ ಬಡ್ಡಿ ಬೇರಾವ ಬ್ಯಾಂಕಿನಲ್ಲಿ ಬಂದೀತು?