ವಾಹನದ ವಿದ್ಯುತ್ ವ್ಯವಸ್ಥೆ: ದುರಸ್ತಿ ಬಿಲ್ಲಿನ ಪದಗಳನ್ನು ಅರಿಯುವ ಬಗೆ

ಇಳಕಲ್ಲಿನ ಸೀರೆ ಮತ್ತು ಗ್ರಾನೈಟ್, ಹುನಗುಂದ ಭಾಗದ ಕಡಲೆ, ಬಾಗಲಕೋಟೆಯ ಸಿಮೆಂಟ್ ಇವೆಲ್ಲ ಮಾರುಕಟ್ಟೆಯನ್ನು ತಲುಪುವುದು ಟೆಂಪೊ, ಪಿಕ್‌ಅಪ್ ಹಾಗೂ ಲಾರಿಗಳ ಮೂಲಕ. ಬಾದಾಮಿಯಲ್ಲಿ ಪ್ರವಾಸಿಗರನ್ನು ನಂಬಿರುವ ವ್ಯವಹಾರವೂ ಬಾಡಿಗೆ ವಾಹನಗಳನ್ನೇ ಅವಲಂಬಿಸಿದೆ. ಎಂಜಿನ್ ಮತ್ತು ಟೈರುಗಳ ವಿಷಯದಲ್ಲಿ ನಮ್ಮ ವಾಹನ ಮಾಲೀಕರು ಸಾಕಷ್ಟು ಬಲ್ಲವರು. ವಿದ್ಯುತ್ ಭಾಗದ ಬಿಲ್ಲು ಬಂದಾಗ ಮಾತ್ರ ಬರೆದಷ್ಟನ್ನು ನಂಬಿ ಹಣ ಪಾವತಿಸುವುದು ರೂಢಿಯಾಗಿದೆ. ಬೆಳಿಗ್ಗೆ ವಾಹನ ಚಾಲೂ ಆಗದಿದ್ದರೆ ಹೊಸ ಬ್ಯಾಟರಿ ಕೊಳ್ಳುವುದು, ಕೆಲವೇ ತಿಂಗಳಲ್ಲಿ ಅದೂ ಇಳಿದಾಗ ಬ್ಯಾಟರಿಯನ್ನೇ ದೂರುವುದು ಕಂಡುಬರುತ್ತದೆ. ದೋಷವು ಅನೇಕ ವೇಳೆ ಬೇರೆಡೆ ಇರುತ್ತದೆ.

ಮೊದಲು ಹೆಸರುಗಳ ಗೊಂದಲವನ್ನು ನಿವಾರಿಸಿಕೊಳ್ಳೋಣ. ಗ್ಯಾರೇಜಿನಲ್ಲಿ ‘ಸೆಲ್ಫ್’ ಎನ್ನುವುದು ಸ್ಟಾರ್ಟರ್ ಮೋಟಾರ್. ಎಂಜಿನ್ನನ್ನು ಮೊದಲ ಬಾರಿ ತಿರುಗಿಸುವುದಷ್ಟೇ ಅದರ ಕೆಲಸ. ‘ಡೈನಮೊ’ ಎಂದು ಇಂದಿಗೂ ಕರೆಯಲಾಗುವ ಸಾಧನವು ವಾಸ್ತವವಾಗಿ ಆಲ್ಟರ್ನೇಟರ್. ಹಳೆಯ ಡೈನಮೊ ನೇರವಾಗಿ ಏಕಮುಖ ವಿದ್ಯುತ್ತನ್ನು ನೀಡುತ್ತಿತ್ತು. ಆಲ್ಟರ್ನೇಟರ್ ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸಿ, ಡಯೋಡುಗಳ ಮೂಲಕ ಅದನ್ನು ಏಕಮುಖವಾಗಿಸುತ್ತದೆ. ಅದರ ವೋಲ್ಟೇಜನ್ನು ಮಿತಿಯಲ್ಲಿಡುವುದು ರೆಗ್ಯುಲೇಟರ್. ಬಿಲ್ಲಿನಲ್ಲಿ ‘ಡೈನಮೊ ಬದಲಿ’ ಎಂದಿದ್ದರೆ, ಕೆಟ್ಟದ್ದು ಕಾರ್ಬನ್ ಬ್ರಷ್ಷೋ, ಬೇರಿಂಗೋ, ಡಯೋಡೋ, ರೆಗ್ಯುಲೇಟರೋ ಎಂದು ಕೇಳುವ ಹಕ್ಕು ಮಾಲೀಕನಿಗಿದೆ. ಸವೆದ ಬ್ರಷ್ಷಿಗಾಗಿ ಇಡೀ ಆಲ್ಟರ್ನೇಟರ್ ಬದಲಿಸುವುದು ದುಂದು.

ಬ್ಯಾಟರಿಯ ಮೇಲಿನ ‘ಎಎಚ್’ ಎಂಬುದು ಆಂಪಿಯರ್-ಅವರ್, ಅಂದರೆ ಸಂಗ್ರಹ ಸಾಮರ್ಥ್ಯ. ‘ಸಿಸಿಎ’ ಎಂಬುದು ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಸ್ಟಾರ್ಟರಿಗೆ ಕೊಡಬಲ್ಲ ಪ್ರವಾಹ. ಹುನಗುಂದದಲ್ಲಿ ಅಂಥ ಚಳಿಯನ್ನು ಯಾರೂ ಕಾಣರು. ಆದರೂ ಎರಡು ಬ್ಯಾಟರಿಗಳ ಬಲವನ್ನು ಹೋಲಿಸಲು ಈ ಸಂಖ್ಯೆ ಉಪಯುಕ್ತ. ನಮ್ಮಲ್ಲಿ ಬ್ಯಾಟರಿಯ ಶತ್ರು ಬೇಸಿಗೆ. ಶಾಖ ಹೆಚ್ಚಿದಂತೆ ಒಳಗಿನ ಫಲಕಗಳು ಬೇಗ ಸವೆಯುತ್ತವೆ, ನೀರು ಬೇಗ ಆರುತ್ತದೆ. ನೀರು ಹಾಕುವ ಬಗೆಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನೇ ಬಳಸಬೇಕು. ಬೋರ್‌ವೆಲ್ಲಿನ ನೀರು ಸಲ್ಲದು.

ಹೊಸ ಬ್ಯಾಟರಿ ಕೊಳ್ಳುವ ಮುನ್ನ ಮಲ್ಟಿಮೀಟರಿನಿಂದ ಮೂರು ಅಳತೆಗಳನ್ನು ತಮ್ಮೆದುರಿಗೇ ಮಾಡಿಸಿಕೊಳ್ಳಬೇಕು. ರಾತ್ರಿಯಿಡೀ ನಿಂತ ವಾಹನದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿದರೆ ಅದು ಪೂರ್ಣ ಚಾರ್ಜಿನಲ್ಲಿದೆ, 12.4ಕ್ಕಿಂತ ಕಡಿಮೆಯಿದ್ದರೆ ಚಾರ್ಜ್ ಬೇಕು. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಬರಬೇಕು. ಬಾರದಿದ್ದರೆ ತಪ್ಪು ಚಾರ್ಜಿಂಗ್ ಭಾಗದ್ದು. 15 ದಾಟಿದರೆ ರೆಗ್ಯುಲೇಟರನ್ನು ಸಂಶಯಿಸಬೇಕು. ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುವುದರಿಂದ ಈ ಅಂಕಿಗಳನ್ನು ಇಮ್ಮಡಿಯಾಗಿ ಎಣಿಸತಕ್ಕದ್ದು. ಕಂಪ್ಯೂಟರ್ ನಿಯಂತ್ರಣದ ಹೊಸ ವಾಹನಗಳಲ್ಲಿ ಚಾರ್ಜಿಂಗ್ ವೋಲ್ಟೇಜ್ ತಾನಾಗಿಯೇ ಏರಿಳಿಯಬಹುದು. ಅಲ್ಲಿ ತಯಾರಕರ ಕೈಪಿಡಿಯೇ ಪ್ರಮಾಣ.

ಮೂರನೆಯದು ಅರ್ಥ್ ಪರೀಕ್ಷೆ. ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದೂ ಇದೇ. ವಾಹನದ ಲೋಹದ ಮೈಯೇ ವಿದ್ಯುತ್ತು ಮರಳುವ ದಾರಿ. ಸ್ಟಾರ್ಟರ್ 200 ಆಂಪಿಯರ್ ಎಳೆಯುತ್ತಿರುವಾಗ ತುಕ್ಕು ಹಿಡಿದ ಅರ್ಥ್ ಜೋಡಣೆಯಲ್ಲಿ ಓಮ್‌ನ ನೂರನೆಯ ಒಂದು ಭಾಗದಷ್ಟು ಪ್ರತಿರೋಧವಿದ್ದರೂ 2 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೂ ಇನ್ನೊಂದನ್ನು ಎಂಜಿನ್ನಿನ ಮೈಮೇಲೂ ಇಟ್ಟು ಸೆಲ್ಫ್ ಹೊಡೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ, ಜೋಡಣೆ ಬಿಚ್ಚಿ ಉಜ್ಜಿ ಬಿಗಿಮಾಡಿಸಬೇಕು. ಗ್ರಾನೈಟ್ ಸಾಗಿಸುವ ಲಾರಿಗಳಲ್ಲಿ ಧೂಳು ಮತ್ತು ಕುಲುಕಾಟದಿಂದ ಈ ಜೋಡಣೆಗಳು ಸಡಿಲವಾಗುವ ಸಂಭವವಿದೆ. ಉಜ್ಜುಕಾಗದದ ತುಂಡೊಂದು ಮಾಡುವ ಕೆಲಸಕ್ಕೆ ಸಾವಿರಾರು ರೂಪಾಯಿಯ ಬ್ಯಾಟರಿ ಬೇಕಿಲ್ಲ.

ಇನ್ನು ಫ್ಯೂಸ್. ಫ್ಯೂಸ್ ಕಾಯುವುದು ಬಲ್ಬನ್ನಲ್ಲ, ತಂತಿಯನ್ನು. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್ ಎಂಬುದು ಬ್ಲೇಡ್ ಫ್ಯೂಸುಗಳ ಬಣ್ಣದ ಲೆಕ್ಕ. ವಿಜಯಪುರ–ಹೊಸಪೇಟೆ ಹೆದ್ದಾರಿಯಲ್ಲಿ ರಾತ್ರಿ ಓಡಿಸುವವರು ಹೆಚ್ಚು ಬೆಳಕಿಗಾಗಿ 60 ವ್ಯಾಟಿನ ಬಲ್ಬ್ ತೆಗೆದು 100 ವ್ಯಾಟಿನದನ್ನು ಹಾಕಿಸಿದರು ಎನ್ನಿ. 12 ವೋಲ್ಟಿನ ವಾಹನದಲ್ಲಿ ಎರಡು ದೀಪಗಳಿಗೆ 10 ಆಂಪಿಯರ್ ಸಾಕಾಗುತ್ತಿದ್ದದ್ದು ಸುಮಾರು 17ಕ್ಕೆ ಏರುತ್ತದೆ. ತಂತಿಯ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಸುಮಾರು 2.8 ಪಟ್ಟಾಗುತ್ತದೆ. ಫ್ಯೂಸ್ ಸುಡುತ್ತದೆ, ಆಗ ದೊಡ್ಡ ಫ್ಯೂಸನ್ನೋ ತಾಮ್ರದ ತಂತಿಯನ್ನೋ ಸಿಕ್ಕಿಸಲಾಗುತ್ತದೆ. ಅಲ್ಲಿಂದ ಮುಂದೆ ಸುಡುವುದು ವೈರಿಂಗ್, ಅದರ ಹಿಂದೆ ಹೇರಿದ ಸೀರೆಯ ಗಂಟುಗಳು. ತಯಾರಕರು ಸೂಚಿಸಿದ ವ್ಯಾಟೇಜನ್ನು ಮೀರದಿರುವುದೇ ಕ್ಷೇಮ. ಹಾರನ್ ಮುಂತಾದ ಹೆಚ್ಚು ಪ್ರವಾಹದ ಉಪಕರಣಗಳಿಗೆ ರಿಲೇ ಇರಬೇಕು. ಅದರ 85 ಮತ್ತು 86ನೆಯ ತುದಿಗಳಲ್ಲಿ ಹರಿಯುವ ಅಲ್ಪ ಪ್ರವಾಹವು 30 ಮತ್ತು 87ರ ನಡುವಿನ ದೊಡ್ಡ ಪ್ರವಾಹವನ್ನು ನಿಯಂತ್ರಿಸುತ್ತದೆ.

ಬಿಡಿಭಾಗಗಳ ವ್ಯಾಪಾರಸ್ಥರಿಗೂ ಒಂದು ಮಾತು. ‘ಎಲೆಕ್ಟ್ರಿಕಲ್ ಸಾಮಾನು’ ಎಂದು ಒಟ್ಟಾಗಿ ಬಿಲ್ಲು ಬರೆಯುವುದು ತರವಲ್ಲ. ಎಚ್‌ಎಸ್‌ಎನ್ ಪಟ್ಟಿಯಲ್ಲಿ ಬ್ಯಾಟರಿ 8507, ಸ್ಟಾರ್ಟರ್ ಮತ್ತು ಸ್ಪಾರ್ಕ್ ಪ್ಲಗ್ 8511, ದೀಪ-ಹಾರನ್‌ಗಳ ಉಪಕರಣ 8512, ಫ್ಯೂಸ್ ಮತ್ತು ರಿಲೇ 8536, ವೈರಿಂಗ್ 8544ರಲ್ಲಿ ಬರುತ್ತವೆ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ವಿನಿಮಯಕ್ಕೆ ಕೊಟ್ಟು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣಿಸಿಕೊಳ್ಳಬೇಕು. ಅದರೊಳಗಿನ ಸೀಸವು ವಿಷಕಾರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರ ಮೂಲಕವೇ ಮರುಬಳಕೆಯಾಗತಕ್ಕದ್ದು.