ಅತ್ತೆಯದೋ ಸೊಸೆಯದೋ? ಒಂದಕ್ಷರ ಹೇಳುತ್ತೆ!

ಚೆಕ್ಕಿನ ಮೇಲೆ ಹೆಸರಿನ ಒಂದಕ್ಷರ ಹೆಚ್ಚುಕಮ್ಮಿಯಾದರೆ ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ. ಪಹಣಿಯಲ್ಲಿ ಒಂದಕ್ಷರ ತಪ್ಪಿತೋ, ತಾಲೂಕು ಕಚೇರಿಗೆ ಅಲೆದಲೆದು ಚಪ್ಪಲಿ ಸವೆಯುತ್ತದೆ. ಒಂದಕ್ಷರದ ಬೆಲೆ ಏನೆಂದು ನಮ್ಮ ಪೇಟೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಒಂದೇ ಒಂದು ಅಕ್ಷರದ ಮೇಲೆ ಅತ್ತೆ ಯಾರು, ಸೊಸೆ ಯಾರು ಎಂದು ತೀರ್ಮಾನವಾಗುವ ಚಿನ್ನದ ನಾಣ್ಯಗಳ ಸಂಗತಿ ಕೇಳಿದ್ದೀರಾ? ಸುಮಾರು ಸಾವಿರದ ಆರುನೂರು ವರ್ಷದ ಹಿಂದಿನ ಮಾತು. ಊರು ಕಾನ್‌ಸ್ಟಾಂಟಿನೋಪಲ್, ಅಂದರೆ ಈಗಿನ ಟರ್ಕಿಯ ಇಸ್ತಾಂಬುಲ್. ರೋಮನ್ ಸಾಮ್ರಾಜ್ಯ ಪೂರ್ವ, ಪಶ್ಚಿಮ ಎಂದು ಎರಡು ಪಾಲಾಗಿ, ಪೂರ್ವದ ಪಾಲಿಗೆ ಈ ಊರೇ ರಾಜಧಾನಿಯಾಗಿತ್ತು.

ಎಲ್ಲಿಯ ಇಸ್ತಾಂಬುಲ್, ಎಲ್ಲಿಯ ನಾವು ಅನ್ನಬೇಡಿ. ಆ ಟಂಕಸಾಲೆಯ ಚಿನ್ನ ನಮ್ಮ ಹಾನಗಲ್ ತಾಲೂಕಿನ ತನಕ ಬಂದಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಮನೆ ಕಥೆ ಕೇಳಿ.

ಒಂದೇ ಮನೆ, ಒಂದೇ ಥರದ ಹೆಸರು

ಅರ್ಕಾಡಿಯಸ್ ಎಂಬ ಚಕ್ರವರ್ತಿ 395ರಲ್ಲಿ ಮದುವೆಯಾದ. ಹೆಂಡತಿಯ ಹೆಸರು ಯುಡೋಕ್ಸಿಯಾ. 400ರ ಜನವರಿಯಲ್ಲಿ ಆಕೆಗೆ ‘ಅಗಸ್ಟಾ’ ಎಂಬ ಬಿರುದು ಸಿಕ್ಕಿತು. ಅಗಸ್ಟಾ ಅಂದರೆ ಮಹಾರಾಣಿ. ಹೆಸರಿಗಷ್ಟೇ ಅಲ್ಲ, ಆಕೆಯ ಮುಖ ಹಾಕಿ ಚಿನ್ನದ ನಾಣ್ಯವೂ ಹೊರಬಂತು. ನಾಣ್ಯದ ಮೇಲೆ ಮೇಲಿನಿಂದ ಒಂದು ಕೈ ಇಳಿದು ಆಕೆಯ ತಲೆಗೆ ಕಿರೀಟ ಇಡುತ್ತದೆ. ಅದು ದೇವರ ಕೈ! ಪಟ್ಟ ಕಟ್ಟಿದವನು ಗಂಡನಲ್ಲ, ಸಾಕ್ಷಾತ್ ದೇವರು ಎಂದು ಅದರ ಅರ್ಥ.

ಹೆಂಗಸಿನ ಚಿತ್ರ ಹೀಗೆ ಪ್ರಾಂತ ಪ್ರಾಂತಕ್ಕೆ ಮೆರವಣಿಗೆ ಹೋಗುವುದು ಎಲ್ಲರಿಗೂ ಹಿಡಿಸಲಿಲ್ಲ. ಪಶ್ಚಿಮದಲ್ಲಿ ಆಳುತ್ತಿದ್ದ ಮೈದುನ ಹೊನೋರಿಯಸ್, ಇದೇನು ಹೊಸ ಪದ್ಧತಿ ಎಂದು ಅಣ್ಣನಿಗೆ ಪತ್ರವನ್ನೇ ಬರೆದ. ರಾಜಧಾನಿಯ ಬಿಷಪ್ ಜಾನ್ ಕ್ರಿಸೋಸ್ಟಮ್ ಜತೆಗೂ ಆಕೆಗೆ ಜಟಾಪಟಿ. 403ರಲ್ಲಿ ನಿಲ್ಲಿಸಿದ ಆಕೆಯ ಬೆಳ್ಳಿ ಪ್ರತಿಮೆಯ ವಿಚಾರಕ್ಕೆ ಜಗಳ ವಿಕೋಪಕ್ಕೆ ಹೋಗಿ, ಬಿಷಪ್ ಗಡೀಪಾರಾದ. ಪ್ರತಿಮೆ ಈಗ ಇಲ್ಲ. ಅದರ ಕಂಬದ ಪೀಠ ಮಾತ್ರ ಇಸ್ತಾಂಬುಲ್‌ನ ಅಯಾ ಸೋಫಿಯಾದ ಅಂಗಳದಲ್ಲಿದೆ. 404ರ ಅಕ್ಟೋಬರಿನಲ್ಲಿ ಯುಡೋಕ್ಸಿಯಾ ತೀರಿಕೊಂಡಳು.

ಆಕೆ ಸತ್ತಾಗ ಮಗ ಎರಡನೇ ಥಿಯೊಡೋಸಿಯಸ್ ಮೂರು ವರ್ಷದ ಕೂಸು. ಅವನು ಬೆಳೆದು, ಪಟ್ಟಕ್ಕೆ ಬಂದು, 421ರಲ್ಲಿ ಅಥೆನ್ಸಿನ ಪಂಡಿತ ಲಿಯೋಂಟಿಯಸ್‌ನ ಮಗಳನ್ನು ಮದುವೆಯಾದ. ಹುಡುಗಿಯ ಹೆಸರು ಅಥೆನಾಯಿಸ್. ಹಳೆ ದೇವರುಗಳ ಮನೆತನ. ಕ್ರೈಸ್ತ ದೀಕ್ಷೆ ಕೊಟ್ಟು ಹೆಸರು ಬದಲಾಯಿಸಿದರು. ಹೊಸ ಹೆಸರು ಯುಡೋಕಿಯಾ!

ನೋಡಿ, ತೊಡಕು ಶುರುವಾಗಿದ್ದೇ ಇಲ್ಲಿ. ಅತ್ತೆ ಯುಡೋಕ್ಸಿಯಾ. ಸೊಸೆ ಯುಡೋಕಿಯಾ. ಅತ್ತೆ ಸತ್ತು ಹದಿನಾರು ವರ್ಷದ ಮೇಲೆ ಸೊಸೆ ಹೊಸ್ತಿಲು ದಾಟಿದ್ದು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ನಾಣ್ಯದ ತಟ್ಟೆಯಲ್ಲಿ ಇಬ್ಬರೂ ಒಟ್ಟಿಗೇ ಕೂತು ಜನರನ್ನು ಗಲಿಬಿಲಿ ಮಾಡುತ್ತಾರೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಸೊಸೆಗೆ 422ರಲ್ಲಿ ಮಗಳು ಹುಟ್ಟಿದಳು. ಅವಳಿಗೆ ಇಟ್ಟದ್ದು ಅಜ್ಜಿಯ ಹೆಸರು: ಲಿಸಿನಿಯಾ ಯುಡೋಕ್ಸಿಯಾ. ನಮ್ಮಲ್ಲಿ ಮೊಮ್ಮಗಳಿಗೆ ಅಜ್ಜಿ ಹೆಸರಿಡುವುದಿಲ್ಲವೇ, ಹಾಗೇ. ಥಿಯೊಡೋಸಿಯಸ್ ಈ ಮಗಳನ್ನು 437ರಲ್ಲಿ ತನ್ನ ಸೋದರತ್ತೆಯ ಮಗ, ಪಶ್ಚಿಮದ ಚಕ್ರವರ್ತಿ ಮೂರನೇ ವ್ಯಾಲೆಂಟಿನಿಯನ್‌ಗೆ ಕೊಟ್ಟ. ಇವಳಿಗೂ ಇಬ್ಬರು ಹೆಣ್ಣುಮಕ್ಕಳು. ಒಬ್ಬಳಿಗೆ ತನ್ನ ತಾಯಿಯ ಹೆಸರನ್ನೇ ಇಟ್ಟಳು: ಯುಡೋಕಿಯಾ. ಲೆಕ್ಕ ಇಡುವವರ ತಲೆ ಕೆಡದೆ ಇರುತ್ತದೆಯೇ?

ಮುಖ ನಂಬಬೇಡಿ, ಅಕ್ಷರ ನಂಬಿ

ಫೋಟೋ ನೋಡಿ ಗುರುತು ಹಿಡಿದ ಹಾಗೆ ಮುಖ ನೋಡಿ ಹೇಳಬಾರದೇ ಎಂದು ಕೇಳಬಹುದು. ಆಗುವುದಿಲ್ಲ ಸ್ವಾಮಿ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅಚ್ಚು ಕೊರೆಯುವವರು ರಾಣಿಯನ್ನು ಎದುರು ಕೂರಿಸಿಕೊಂಡು ಕೊರೆದವರಲ್ಲ. ಬಲಕ್ಕೆ ತಿರುಗಿದ ಮುಖ, ಮುಡಿಗೆ ಮುತ್ತಿನ ಸಾಲು, ಕಿವಿಗೆ ಓಲೆ, ಕೊರಳಿಗೆ ಹಾರ. ಅತ್ತೆಗೂ ಅದೇ, ಸೊಸೆಗೂ ಅದೇ, ನಾದಿನಿ ಪುಲ್ಕೇರಿಯಾಗೂ ಅದೇ. ಈ ಪುಲ್ಕೇರಿಯಾ ಥಿಯೊಡೋಸಿಯಸ್‌ನ ಅಕ್ಕ. ತಮ್ಮನ ಮದುವೆಗೆ ಮೊದಲೇ, 414ರಲ್ಲೇ ಅಗಸ್ಟಾ ಆದವಳು. ಸದ್ಯ, ಅವಳ ಹೆಸರಾದರೂ ಬೇರೆ.

ಹಾಗಾಗಿ ಸುತ್ತಲೂ ಇರುವ ಬರಹ ಓದಬೇಕು. ಭಾಷೆ ಲ್ಯಾಟಿನ್, ಅಕ್ಷರ ನಮ್ಮ ಬಸ್ಸಿನ ನಂಬರ್ ಪ್ಲೇಟಿನ ಇಂಗ್ಲಿಷ್ ದೊಡ್ಡಕ್ಷರಗಳೇ. ಒಂದು ನೆನಪಿಡಿ: ಅಲ್ಲಿ ‘ಯು’ ಇಲ್ಲ, ಅದರ ಜಾಗದಲ್ಲಿ ‘ವಿ’ ಬರೆಯುತ್ತಾರೆ.

ಅತ್ತೆಯ ನಾಣ್ಯದಲ್ಲಿ ಮೊದಲು ‘ಎ, ಇ, ಎಲ್’. ಇದು ಏಲಿಯಾ ಎಂಬುದರ ಸಂಕ್ಷಿಪ್ತ. ಅರ್ಕಾಡಿಯಸ್‌ನ ತಾಯಿ ಫ್ಲಾಸಿಲ್ಲಾಳ ಹೆಸರು ಅದು. ಆಮೇಲೆ ಬಂದ ಪೂರ್ವದ ರಾಣಿಯರಿಗೆ ಮನೆತನದ ಬಿರುದಿನ ಹಾಗೆ ಅಂಟಿಕೊಂಡಿತು. ನಂತರ ‘ಇ, ವಿ, ಡಿ, ಓ, ಎಕ್ಸ್, ಐ, ಎ’. ಕೊನೆಗೆ ‘ಎ, ವಿ, ಜಿ’, ಅಂದರೆ ಅಗಸ್ಟಾ.

ಸೊಸೆಯ ನಾಣ್ಯ? ಎಲ್ಲಾ ಅದೇ. ನಡುವೆ ‘ಎಕ್ಸ್’ ಇದ್ದ ಕಡೆ ‘ಸಿ’. ಅಷ್ಟೇ ವ್ಯತ್ಯಾಸ!

ಈ ಅಕ್ಷರ ಕಾಗುಣಿತದ ತಪ್ಪಲ್ಲ. ಗ್ರೀಕ್ ಭಾಷೆಯಲ್ಲಿ ಯುಡೋಕ್ಸಿಯಾ ಅಂದರೆ ಒಳ್ಳೆಯ ಹೆಸರು, ಸತ್ಕೀರ್ತಿ. ಯುಡೋಕಿಯಾ ಅಂದರೆ ಒಳ್ಳೆಯ ಮನಸ್ಸು, ಸದಿಚ್ಛೆ. ಅತ್ತೆ ಕೀರ್ತಿ, ಸೊಸೆ ಪ್ರೀತಿ ಅನ್ನಿ ಬೇಕಾದರೆ.

ಹಿಂಬದಿಯ ಸಾಕ್ಷಿ

ಸವೆದ ನಾಣ್ಯದಲ್ಲಿ ಆ ಅಕ್ಷರವೇ ಮಸುಕಾಗಿದ್ದರೆ? ಆಗ ನಾಣ್ಯ ತಿರುಗಿಸಿ. ಹಿಂಬದಿಯಲ್ಲಿ ತಾರೀಕಿನ ಸುಳಿವು ಇರುತ್ತದೆ.

ಅತ್ತೆಯ ಚಿನ್ನದ ನಾಣ್ಯದ ಹಿಂದೆ ‘ಸಾಲುಸ್ ರೇಯಿಪುಬ್ಲಿಕೇ’ ಎಂದಿದೆ: ರಾಜ್ಯದ ಕ್ಷೇಮ. ವಿಜಯದೇವತೆ ಕೂತುಕೊಂಡು ಗುರಾಣಿಯ ಮೇಲೆ ಕ್ರಿಸ್ತನ ಗುರುತು ಬರೆಯುತ್ತಾಳೆ. ಇದೇ ಚಿತ್ರ ಫ್ಲಾಸಿಲ್ಲಾ, ಪುಲ್ಕೇರಿಯಾ ನಾಣ್ಯಗಳಲ್ಲೂ ಉಂಟು. ಆದ್ದರಿಂದ ಇದೊಂದನ್ನೇ ನೋಡಿ ತೀರ್ಪು ಕೊಡಬಾರದು.

ಸೊಸೆಯ ನಾಣ್ಯದಲ್ಲಿ ‘ವಿ ಓ ಟಿ’ ಇಪ್ಪತ್ತು, ‘ಎಂ ವಿ ಎಲ್ ಟಿ’ ಮೂವತ್ತು ಎಂದು ರೋಮನ್ ಅಂಕಿಗಳಲ್ಲಿ ಬರುತ್ತದೆ. ಚಕ್ರವರ್ತಿಯ ಇಪ್ಪತ್ತು ವರ್ಷದ ಹರಕೆ ಸಂದಿತು, ಇನ್ನು ಮೂವತ್ತಕ್ಕೆ ಹರಕೆ ಎಂದು ಅರ್ಥ. ಅಲ್ಲಿ ವಿಜಯದೇವತೆ ನಿಂತಿದ್ದಾಳೆ, ಕೈಯಲ್ಲಿ ಉದ್ದನೆಯ ಶಿಲುಬೆ. ಥಿಯೊಡೋಸಿಯಸ್ ಚಕ್ರವರ್ತಿ ಪದವಿ ಪಡೆದದ್ದು 402ರಲ್ಲಿ. ಇಪ್ಪತ್ತು ಕೂಡಿಸಿ. 404ರಲ್ಲೇ ತೀರಿಕೊಂಡ ಅತ್ತೆಗೆ ಈ ನಾಣ್ಯ ಹೇಗೆ ಸೇರೀತು?

ಇನ್ನೊಂದು ಬಗೆಯ ಹಿಂಬದಿ ಇದಕ್ಕಿಂತ ಖಚಿತ. ಅದರಲ್ಲಿ ‘ಐ ಎಂ ಪಿ’ 42, ‘ಸಿ ಓ ಎಸ್’ 17. ಆಳ್ವಿಕೆಯ ಲೆಕ್ಕ ನಲವತ್ತೆರಡು, ಕಾನ್ಸಲ್ ಪದವಿ ಹದಿನೇಳನೇ ಸಲ. ನಲವತ್ತನ್ನು ನಾಲ್ಕು ‘ಎಕ್ಸ್’ ಸಾಲಾಗಿ ಇಟ್ಟು ಬರೆದಿದ್ದಾರೆ. ಥಿಯೊಡೋಸಿಯಸ್ ಹದಿನೇಳನೇ ಸಲ ಕಾನ್ಸಲ್ ಆದದ್ದು 439ರಲ್ಲಿ, ಹದಿನೆಂಟನೇ ಸಲ 444ರಲ್ಲಿ. ಹಾಗಾದರೆ ಈ ಬರಹ ಹುಟ್ಟಿದ್ದು ಅವೆರಡರ ನಡುವೆ. ಎಂಥ ರಸೀದಿ ನೋಡಿ!

ಈಗ ಪೊಲೀಸರ ಹಾಗೆ ಯೋಚಿಸಿ. ಈ ಹಿಂಬದಿ ಇರುವ ನಾಣ್ಯದ ಮುಂಬದಿಯಲ್ಲಿ ‘ಸಿ’ ಇದ್ದರೆ ಸೊಸೆ, ತಕರಾರಿಲ್ಲ. ‘ಎಕ್ಸ್’ ಬಂದರೆ? ಅತ್ತೆ ಸತ್ತು ಮೂವತ್ತೈದು ವರ್ಷದ ಮೇಲಾಗಿದೆ. ಒಂದೋ ಅದು ಮೊಮ್ಮಗಳು, ಇಲ್ಲವೇ ಅಚ್ಚು ಕೊರೆದವನ ಕೈತಪ್ಪು. ಈ ಮೂರು ಹೆಸರುಗಳ ಗೋಜಲು ಮತ್ತು ತಾರೀಕುಳ್ಳ ನಾಣ್ಯಗಳ ಬಗ್ಗೆಯೇ 1954ರಲ್ಲಿ ಅಮೆರಿಕದ ನಾಣ್ಯಶಾಸ್ತ್ರ ಸಂಸ್ಥೆಯ ಪ್ರಕಟಣೆಯಲ್ಲಿ ಆಲೀನ್ ಬಾಯ್ಸ್ ಎಂಬ ವಿದ್ವಾಂಸೆ ಲೇಖನ ಬರೆದರು. 1992ರಲ್ಲಿ ಗ್ರಿಯರ್ಸನ್ ಮತ್ತು ಮೇಸ್ ಅವರ ವಾಷಿಂಗ್ಟನ್ ಸಂಗ್ರಹದ ಪಟ್ಟಿ, 1994ರಲ್ಲಿ ಕೆಂಟ್ ಅವರ ದೊಡ್ಡ ಸಂಪುಟ ಬಂದವು. ಎಲ್ಲದರಲ್ಲೂ ಅಕ್ಷರ ಅಕ್ಷರ ಜೋಡಿಸಿ ನೋಡುವ ಕೆಲಸವೇ.

ಮೊಮ್ಮಗಳು ಪಶ್ಚಿಮದಲ್ಲಿ ಹೊಡೆಸಿದ ನಾಣ್ಯ ಮಾತ್ರ ದೂರದಿಂದಲೇ ಗುರುತು ಸಿಗುತ್ತದೆ. ಏಲಿಯಾ ಇಲ್ಲ, ‘ಲಿಸಿನಿಯಾ’ ಎಂದು ಪೂರಾ ಹೆಸರು. ಅಗಸ್ಟಾಗೆ ಮುಂಚೆ ‘ಪಿ, ಎಫ್’ ಎರಡಕ್ಷರ ಹೆಚ್ಚು: ಭಕ್ತೆ, ಭಾಗ್ಯವಂತೆ ಎಂದು. ಮುಖ ಪಕ್ಕಕ್ಕಲ್ಲ, ನೇರ ನಮ್ಮ ಕಡೆಗೆ. ತಲೆ ಮೇಲೆ ಚೂಪು ಚೂಪಾದ ಕಿರೀಟ. ಹಿಂಬದಿಯಲ್ಲಿ ‘ಆರ್, ವಿ’ ಇದ್ದರೆ ರಾವೆನ್ನಾ, ‘ಆರ್, ಎಂ’ ಇದ್ದರೆ ರೋಮ್ ಟಂಕಸಾಲೆ. ಭಾಗ್ಯವಂತೆ ಎಂದು ಬರೆಸಿಕೊಂಡವಳ ಭಾಗ್ಯ ಕೇಳಿ: 455ರಲ್ಲಿ ಗಂಡನ ಕೊಲೆಯಾಯಿತು, ರೋಮ್ ಸೂರೆ ಮಾಡಿದ ವ್ಯಾಂಡಲರು ಅವಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಹಡಗಿಗೆ ಹತ್ತಿಸಿ ಕಾರ್ಥೇಜಿಗೆ ಒಯ್ದರು. ಅವಳ ತಾಯಿ ಯುಡೋಕಿಯಾ ಅರಮನೆ ಬಿಟ್ಟು ಜೆರೂಸಲೇಮಿನಲ್ಲಿ ನೆಲೆಸಿ, 460ರಲ್ಲಿ ಅಲ್ಲೇ ಕಣ್ಣು ಮುಚ್ಚಿದಳು.

ಸರಾಫರಿಗೆ ರುಚಿಸುವ ಲೆಕ್ಕ

ಪೂರ್ವದ ನಾಣ್ಯದ ಅಡಿಯಲ್ಲಿ ಐದಕ್ಷರ: ‘ಸಿ, ಓ, ಎನ್, ಓ, ಬಿ’. ಮೊದಲ ಮೂರು ಊರಿನ ಹೆಸರು, ಕಾನ್‌ಸ್ಟಾಂಟಿನೋಪಲ್. ಕೊನೆಯ ಎರಡು ಪುಟವಿಟ್ಟ ಚಿನ್ನ ಎಂಬ ಮಾತಿನ ಸಂಕ್ಷಿಪ್ತ. ಸ್ವಾರಸ್ಯ ಏನೆಂದರೆ, ಗ್ರೀಕ್ ಲೆಕ್ಕದಲ್ಲಿ ಆ ಎರಡಕ್ಷರ ಸೇರಿದರೆ 72. ಒಂದು ರೋಮನ್ ಪೌಂಡ್ ಚಿನ್ನಕ್ಕೆ ಸರಿಯಾಗಿ 72 ನಾಣ್ಯ! ಇದಕ್ಕೆ ಸಾಲಿಡಸ್ ಎಂದು ಹೆಸರು. ಒಂದರ ತೂಕ ಸುಮಾರು ನಾಲ್ಕೂವರೆ ಗ್ರಾಂ, ನಮ್ಮ ಅರ್ಧ ಪವನಿಗಿಂತ ತುಸು ಜಾಸ್ತಿ. ಅದರ ಮೂರನೇ ಒಂದು ಪಾಲಿನ ಚಿಕ್ಕ ನಾಣ್ಯ ಟ್ರೆಮಿಸಿಸ್, ಒಂದೂವರೆ ಗ್ರಾಂ.

ಅಚ್ಚನ್ನು ಕೈಯಲ್ಲೇ, ಅಕ್ಷರ ತಿರುಗುಮುರುಗಾಗಿ ಕೊರೆದು, ಚಿನ್ನದ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅದಕ್ಕೇ ಎರಡು ಅಚ್ಚು ಒಂದೇ ಥರ ಇರುವುದಿಲ್ಲ. ಒಂದರಲ್ಲಿ ‘ಎ’ ಅಕ್ಷರದ ಅಡ್ಡಗೆರೆ ಇಲ್ಲ, ಇನ್ನೊಂದರಲ್ಲಿ ‘ಎಲ್’ ವಾಲಿದೆ. ಅದೇ ವಾಲು, ಅದೇ ಕೊರತೆ ಎರಡು ನಾಣ್ಯದಲ್ಲಿ ಕಂಡರೆ ಎರಡೂ ಒಂದೇ ಅಚ್ಚಿನ ಮಕ್ಕಳು. ಎರಕ ಹೊಯ್ದ ನಕಲಿ ಮಾಲಿನಲ್ಲಿ ಅಕ್ಷರದ ಅಂಚು ಕರಗಿದ ಬೆಲ್ಲದಂತೆ ಮೊಂಡಾಗಿರುತ್ತದೆ. ಒರೆಗಲ್ಲು ಚಿನ್ನ ಎಷ್ಟು ಶುದ್ಧ ಎಂದು ಹೇಳೀತು. ಯಾರ ಚಿನ್ನ ಎಂದು ಹೇಳುವುದು ಅಕ್ಷರವೇ.

ನಮ್ಮೂರ ತನಕ

ಈಗ ಹಾನಗಲ್ ಮಾತಿಗೆ ಬರೋಣ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತ್ತು. ಅದು ಇನ್ನೂ ಹಳೆಯ ಕಾಲದ್ದು. ಆದರೆ ಹಾನಗಲ್ ತಾಲೂಕಿನ ಅಕ್ಕಿ ಆಲೂರಿನಲ್ಲಿ ಸಿಕ್ಕಿದ್ದು ಚಿನ್ನ. 5, 6ನೇ ಶತಮಾನದ ಸಾಲಿಡಸ್‌ಗಳು. ಆಗ ಅದು ಧಾರವಾಡ ಜಿಲ್ಲೆ, 1997ರಿಂದ ಹಾವೇರಿ ಜಿಲ್ಲೆ. ಹಡಗು ಹತ್ತಿ, ಕರಾವಳಿಗೆ ಇಳಿದು, ಘಟ್ಟ ಹತ್ತಿ ಬಂದ ಚಿನ್ನ!

ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಎಷ್ಟೋ ನಾಣ್ಯಗಳಿಗೆ ಎರಡು ತೂತು ಇರುತ್ತವೆ, ಮುಖದ ಮೇಲ್ಭಾಗದಲ್ಲಿ ಅಕ್ಕಪಕ್ಕ. ದಾರಕ್ಕೆ ಪೋಣಿಸಿದರೆ ಮುಖ ನೆಟ್ಟಗೆ ನಿಲ್ಲಲಿ ಎಂದು. ನಮ್ಮ ಹೆಂಗಸರ ಕಾಸಿನ ಸರದ ಹಾಗೇ. ಸರಿಯಾದ ಅಕ್ಷರ ಬಿಟ್ಟು ಅರ್ಥವಿಲ್ಲದ ಗೀಟು ಕೊರೆದ ದೇಸೀ ನಕಲುಗಳೂ ಸಿಕ್ಕಿವೆ. ಓದಲು ಬಾರದಿದ್ದರೇನು, ಒಡವೆ ಒಡವೆಯೇ ಅಂದುಕೊಂಡರೇನೋ.

ಇಲ್ಲೇ ಇರುವುದು ಅಪಾಯ. ರಾಣಿಯ ನಾಣ್ಯದಲ್ಲಿ ಹೆಸರು ಸಾಮಾನ್ಯವಾಗಿ ತಲೆಯ ಮೇಲೆ ಎರಡಾಗಿ ಒಡೆಯುತ್ತದೆ. ಆ ‘ಎಕ್ಸ್’, ಆ ‘ಸಿ’ ಒಡೆದ ಜಾಗದ ಪಕ್ಕದಲ್ಲೇ ಬರುತ್ತದೆ. ತೂತು ಕೊರೆಯುವುದೂ ಅಲ್ಲೇ, ಕೊಂಡಿ ಬೆಸೆಯುವುದೂ ಅಲ್ಲೇ! ಒಂದು ಬೆಸುಗೆ ಬಿದ್ದರೆ ಅತ್ತೆ ಸೊಸೆ ಇಬ್ಬರೂ ಹೋದರು. ಇನ್ನು ಮೂಸೆಗೆ ಹಾಕಿದರಂತೂ ಕೇಳಲೇಬೇಡಿ: ನಾಲ್ಕೂವರೆ ಗ್ರಾಂ ಚಿನ್ನ ಉಳಿದೀತು, ಹೆಸರು ಉಳಿಯುವುದಿಲ್ಲ.

ಆದ್ದರಿಂದ ಪೇಟೆ ಬಾಂಧವರಲ್ಲಿ, ಹೊಲ ಉಳುವ ರೈತ ಬಾಂಧವರಲ್ಲಿ ಒಂದೇ ಬಿನ್ನಹ. ನೇಗಿಲಿಗೋ ಪಾಯದ ಗುದ್ದಲಿಗೋ ಹಳೆ ನಾಣ್ಯ ಸಿಕ್ಕಿದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಪಾಲಿಶ್ ಮಾಡಿಸಬೇಡಿ, ಗುಟ್ಟಾಗಿ ಕರಗಿಸಲೂ ಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾನೂನೇ ಇದೆ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚೀನ ವಸ್ತುಗಳ ಕಾಯಿದೆ ನಿಷೇಧಿಸಿದೆ.

ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೆ ಲ್ಯಾಟಿನ್ ಬಾರದು, ಗ್ರೀಕ್ ಬಾರದು. ‘ಎಕ್ಸ್’ಗೂ ‘ಸಿ’ಗೂ ವ್ಯತ್ಯಾಸ ಕಂಡುಹಿಡಿಯಲು ಅದ್ಯಾವುದೂ ಬೇಕಿಲ್ಲ, ಕಣ್ಣು, ಒಂದು ಭೂತಗನ್ನಡಿ, ಸ್ವಲ್ಪ ತಾಳ್ಮೆ ಸಾಕು. ತಕ್ಕಡಿಗೆ ಹಾಕುವ ಮುಂಚೆ ಒಮ್ಮೆ ಓದಿ ನೋಡಿ.