ಸಿಂಗಳೀಕದ ದಾರಿ

ಕಪಿಗಳ ವಿಷಯದಲ್ಲಿ ನಮ್ಮ ನುಡಿಗೆ ಶಬ್ದದಾರಿದ್ರ್ಯವಿಲ್ಲ. ಕೋಡಗ, ಮುಸುವ, ಸಿಂಗಳೀಕ, ಕಾಡುಪಾಪ ಎಂದು ಒಂದೊಂದನ್ನೂ ಬೇರೆಯಾಗಿ ಗುರುತಿಸಿ ಕರೆದವರು ನಮ್ಮ ಹಿರಿಯರು. ಇವುಗಳಲ್ಲಿ ಕೋಡಗವೂ ಮುಸುವವೂ ಊರ ಅಂಚಿನಲ್ಲಿ ನಮ್ಮೊಡನೆ ಬಾಳುವುದನ್ನು ಕಲಿತಿವೆ. ಸಿಂಗಳೀಕಕ್ಕೆ ಮಾತ್ರ ಕಾಡೇ ಬೇಕು. ಅದೂ ಬಿಸಿಲು ನೆಲಕ್ಕೆ ಇಳಿಯದ ದಟ್ಟ ಕಾನು ಬೇಕು.

ಮೈಯೆಲ್ಲ ಹೊಳೆಯುವ ಕಪ್ಪು, ಮುಖದ ಸುತ್ತ ಬೆಳ್ಳಿಯ ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥ ಕುಚ್ಚು—ಇದು ಸಿಂಗಳೀಕದ ರೂಪು. 1758ರಲ್ಲಿಯೇ ಲಿನೇಯಸನು ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. ಕರ್ನಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮಘಟ್ಟವನ್ನು ಬಿಟ್ಟರೆ ಇದಕ್ಕೆ ಪ್ರಪಂಚದಲ್ಲಿ ಬೇರೆ ತವರಿಲ್ಲ. ಪ್ರಾಯಕ್ಕೆ ಬಂದ ಸಿಂಗಳೀಕಗಳು 2,500ಕ್ಕಿಂತ ಕಡಮೆ ಎಂಬುದು ಬಲ್ಲವರ ಅಂದಾಜು.

ಈ ಪ್ರಾಣಿಯ ಬಾಳೆಲ್ಲ ಮರದ ಮೇಲೆಯೇ. ಕೊಂಬೆಗೆ ಕೊಂಬೆ ತಾಗಿರುವ ಎಡೆಯೇ ಅದರ ಹಾದಿ. ವರ್ಷವಿಡೀ ಒಂದಲ್ಲ ಒಂದು ಹಣ್ಣು ದೊರೆಯಬೇಕಾದುದರಿಂದ ನಾನಾ ಜಾತಿಯ ಮರಗಳುಳ್ಳ ವಿಸ್ತಾರವಾದ ಕಾಡು ಅದಕ್ಕೆ ಅವಶ್ಯಕ. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿಯನ್ನು ಹೆರುತ್ತದೆ. ಮುಂದಿನ ಮರಿಗೆ ಎರಡು ಮೂರು ವರ್ಷಗಳೇ ಕಳೆಯಬಹುದು. ಆದುದರಿಂದ ಒಮ್ಮೆ ಕುಗ್ಗಿದ ಹಿಂಡು ಬೇಗನೆ ತುಂಬಿಕೊಳ್ಳಲಾರದು.

ಕಾಡನ್ನೆಲ್ಲ ಕಡಿದರೆ ಮಾತ್ರ ಸಿಂಗಳೀಕ ಅಳಿದೀತೆಂದು ತಿಳಿಯುವುದು ತಪ್ಪು. ನಡುವೆ ಒಂದು ಅಗಲವಾದ ರಸ್ತೆ, ಒಂದು ವಿದ್ಯುತ್ ತಂತಿಯ ಸಾಲು, ಒಂದು ತೋಟ ಬಂದರೂ ಸಾಕು, ಹಾದಿ ಕಡಿಯಿತು. ಹಿಂಡು ಈಚೆಗೆ, ಹಣ್ಣಿನ ಮರ ಆಚೆಗೆ. ಆನಮಲೆಯ ವಾಲ್ಪಾರೈಯಲ್ಲಿ ಚಹಾತೋಟಗಳ ನಡುವೆ ಉಳಿದ ಕಾಡಿನ ತುಣುಕುಗಳಲ್ಲಿ ಸಿಕ್ಕಿಕೊಂಡ ಹಿಂಡುಗಳು ನೆಲಕ್ಕಿಳಿದು, ರಸ್ತೆ ದಾಟುವಾಗ ವಾಹನಗಳಿಗೆ ಸಿಕ್ಕಿ ಸತ್ತುದುಂಟು. ಅವುಗಳಿಗಾಗಿ ಅಲ್ಲಿ ಮರದಿಂದ ಮರಕ್ಕೆ ತೂಗುಸೇತುವೆಗಳನ್ನು ಕಟ್ಟಬೇಕಾಯಿತು.

ನಮ್ಮ ಶರಾವತಿಯ ಕಣಿವೆಯಲ್ಲಿ ಗೇರುಸೊಪ್ಪೆಯ ಬಳಿ ಕತ್ತಲೆಕಾನು ಎಂಬ ಎಡೆಯಿದೆ. ಹೆಸರೇ ಅದರ ವರ್ಣನೆ. ಅಲ್ಲಿಯ ಕಾಡುಜಾಯಿಕಾಯಿಯ ಜವುಗಿನಿಂದ 2000ದಲ್ಲಿ ವಿಜ್ಞಾನಕ್ಕೆ ಹೊಸದಾದ ಒಂದು ಮರದ ಜಾತಿಯೇ ಬೆಳಕಿಗೆ ಬಂದಿತು. ಇದೇ ಕಣಿವೆಯ ಮೇಲ್ಭಾಗದಲ್ಲಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಊರುಗಳನ್ನೂ ಕಾಡನ್ನೂ ಮುಳುಗಿಸಿತು. ಉಳಿದ ಕಾನಿಗಾಗಿ 2011ರಲ್ಲಿ ಅಘನಾಶಿನಿಯ ಸಂರಕ್ಷಿತ ಪ್ರದೇಶವೂ, 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯವೂ ಘೋಷಿತವಾದುವು. ಆದರೂ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆತ್ತಿ ಮರಳಿ ಇಳಿಸಿ 2,000 ಮೆಗಾವಾಟ್ ವಿದ್ಯುತ್ತನ್ನು ಪಡೆಯುವ ಯೋಜನೆ ರೂಪುಗೊಂಡು, ಬಿರುಸಾದ ವಾದಕ್ಕೆ ಎಡೆಮಾಡಿದೆ.

ಕಾಡನ್ನು ನಂಬಿ ಬದುಕುವವರ ಮಾತನ್ನೂ ಮರೆಯಲಾಗದು. ಸಿಂಗಳೀಕ ತಿನ್ನುವ ಉಪ್ಪಾಗೆಯ ಹಣ್ಣೇ ಕಾಡಂಚಿನ ಬಡವನಿಗೂ ನಾಲ್ಕು ಕಾಸು ತರುವ ವಸ್ತು. ಹಣ್ಣಾಗುವ ಮೊದಲೇ ಕೊಯ್ದರೆ ಕಪಿಗೂ ಇಲ್ಲ, ಮರದ ಮುಂದಿನ ಪೀಳಿಗೆಗೂ ಇಲ್ಲ. ಅವನ ಹೊಟ್ಟೆಗೆ ದಾರಿ ತೋರಿಸದೆ ಅವನಿಗೆ ಬುದ್ಧಿ ಹೇಳುವುದು ನ್ಯಾಯವಲ್ಲ.

ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಇಂಥದೇ ಒಂದು ಜಲವಿದ್ಯುತ್ ಯೋಜನೆ ಬಂದಾಗ ವಿಜ್ಞಾನಿಗಳ ಜೊತೆಗೆ ಸಾಹಿತಿಗಳೂ ಎದ್ದು ನಿಂತರು. ಕವಯಿತ್ರಿ ಸುಗತಕುಮಾರಿಯವರು ಅವರಲ್ಲಿ ಪ್ರಮುಖರು. ಯೋಜನೆ ನಿಂತಿತು, 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸಿಂಗಳೀಕ ಅಲ್ಲಿ ಇಂದಿಗೂ ಇದೆ.

ಶರಾವತಿಯ ನೀರಿನಿಂದ ಹುಟ್ಟಿದ ಬೆಳಕಿನಲ್ಲಿ ಓದಿ ಬೆಳೆದವರು ನಾವು. ಆ ಬೆಳಕನ್ನು ಹಳಿಯುವ ಅಧಿಕಾರ ನಮಗಿಲ್ಲ. ಆದರೆ ಅದಕ್ಕೆ ಬೆಲೆ ತೆತ್ತ ಕಾನಿನಿಂದ ಇನ್ನೆಷ್ಟು ಕೇಳಬಹುದೆಂದು ಯೋಚಿಸುವ ಹೊಣೆ ನಮ್ಮದೇ. ಸಿಂಗಳೀಕ ಎಂಬ ಮಾತು ನಿಘಂಟಿನಲ್ಲಿ ಉಳಿದರೆ ಸಾಲದು. ಅದನ್ನು ಓದಿದ ಹುಡುಗನೊಬ್ಬನು ಘಟ್ಟಕ್ಕೆ ಹೋದಾಗ ಕೊಂಬೆಯ ಮೇಲೆ ಆ ಪ್ರಾಣಿಯೂ ಕಾಣಬೇಕು.